ಟೊಮೆಟೊಗೆ ಮನೆ ಕಟ್ಟೋ ಮುಂಚೆ

2023ರ ಜುಲೈ ತಿಂಗಳು ನೆನಪಿದೆಯಲ್ಲ? ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿ ಕೂತಿತ್ತು. ರಾಜಾಜಿನಗರ, ವಿಜಯನಗರದ ತಳ್ಳುಗಾಡಿಗಳ ಮುಂದೆ ಜನ ನಾಲ್ಕು ಹಣ್ಣು ಎತ್ತಿ ಎರಡು ವಾಪಸ್ ಇಡೋರು. ಸಾರಿಗೆ ಹುಣಸೆಹಣ್ಣೇ ಸಾಕು ಅಂತ ಎಷ್ಟೋ ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತು. ಬೆಂಗಳೂರಿನಲ್ಲಿ, ಆರ್‌ಎಂಸಿ ಯಾರ್ಡ್ ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ, ಟೊಮೆಟೊ ತುಂಬಿದ ವಾಹನವನ್ನೇ ಅಪಹರಿಸಿಕೊಂಡು ಹೋದರು. ಚಿನ್ನ ಕದಿಯೋದು ಗೊತ್ತು, ದನ ಕದಿಯೋದು ಗೊತ್ತು. ಸಾರಿನ ಹಣ್ಣಿಗೆ ಕಳ್ಳರು ಬಿದ್ದ ಕಾಲ ಅದು.

ಆವಾಗಿಂದ ನನಗೆ ಒಂದೇ ಥರದ ಪ್ರಶ್ನೆ ಬರ್ತಾನೇ ಇದೆ. "ಸಾರ್, ಕೆಂಗೇರಿ ಆಚೆ ಒಂದೆಕರೆ ಜಮೀನಿದೆ. ರಿಟೈರ್ ಆಗಿದ್ದೀನಿ, ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಗ್ರೀನ್‌ಹೌಸ್ ಹಾಕಿ ಹೈಬ್ರಿಡ್ ಟೊಮೆಟೊ ಬೆಳೀಬಹುದಾ?"

ಬೆಳೀಬಹುದು. ಖಂಡಿತ ಬೆಳೀಬಹುದು. ಆದ್ರೆ ಬೆಳೆಯೋದು ಬೇರೆ, ಅದರಿಂದ ಬದುಕೋದು ಬೇರೆ. ಇಪ್ಪತ್ತು ಮೂವತ್ತು ವರ್ಷ ದುಡಿದು ಉಳಿಸಿದ ಪಿ.ಎಫ್. ದುಡ್ಡನ್ನು ಪ್ಲಾಸ್ಟಿಕ್ ಹಾಳೆ ಕೆಳಗೆ ಇಡೋ ಮುಂಚೆ ಮೂರು ವಿಷಯ ಸರಿಯಾಗಿ ತಿಳ್ಕೊಳ್ಳಿ. ಹೈಬ್ರಿಡ್ ಅಂದ್ರೇನು? ಗ್ರೀನ್‌ಹೌಸ್ ಏನು ಮಾಡುತ್ತೆ? ಅದು ಏನು ಮಾಡೋದಿಲ್ಲ? ಈ ಮೂರನೇ ಪ್ರಶ್ನೆಯನ್ನು ಯಾರೂ ಕೇಳೋದಿಲ್ಲ. ದುಡ್ಡು ಮುಳುಗೋದು ಅಲ್ಲೇ.

ಮೊದಲು ಹೈಬ್ರಿಡ್. ಈ ಮಾತು ಕೇಳಿದ ತಕ್ಷಣ ನಮ್ಮ ಜನಕ್ಕೆ ವಿದೇಶ ನೆನಪಾಗುತ್ತೆ. ಸ್ವಾಮಿ, ಅಷ್ಟು ದೂರ ಹೋಗಬೇಡಿ. ಕೆಂಗೇರಿಯಿಂದ ಉತ್ತರಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಚನ್ನಸಂದ್ರ ಸಿಗುತ್ತೆ. ಡಾ. ಮನಮೋಹನ ಅತ್ತಾವರ 1965ರಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಅನ್ನೋ ಕಂಪನಿಯ ನೆಲೆ ಅದು. ಹೂವಿನ ಬೀಜದಿಂದ ಶುರುಮಾಡಿದ ಈ ಕಂಪನಿ 1973ರಲ್ಲಿ ಒಂದು ಹೈಬ್ರಿಡ್ ಟೊಮೆಟೊ, ಒಂದು ಹೈಬ್ರಿಡ್ ದಪ್ಪ ಮೆಣಸಿನಕಾಯಿ ಬಿಡುಗಡೆ ಮಾಡಿತು. ಮೆಣಸಿನಕಾಯಿಗೆ 'ಭಾರತ್' ಅಂತ ಹೆಸರು. ಟೊಮೆಟೊಗೆ? 'ಕರ್ನಾಟಕ'! ದೇಶದಲ್ಲಿ ತರಕಾರಿಯ ಹೈಬ್ರಿಡ್ ಬೀಜದ ವ್ಯಾಪಾರಕ್ಕೆ ದಾರಿ ತೆಗೆದ ಹಣ್ಣಿನ ಹೆಸರು ನಮ್ಮ ರಾಜ್ಯದ್ದು. ಅತ್ತಾವರ ಅವರಿಗೆ 1998ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ದಿನಾ ಆ ರಸ್ತೆಯಲ್ಲಿ ಓಡಾಡೋ ಎಷ್ಟು ಜನಕ್ಕೆ ಈ ಕಥೆ ಗೊತ್ತು?

ಹೈಬ್ರಿಡ್ ಅಂದ್ರೆ ಔಷಧಿ ಹೊಡೆದ ಹಣ್ಣಲ್ಲ, ಜೀನು ತಿದ್ದಿದ ಕುಲಾಂತರಿಯೂ ಅಲ್ಲ. ಎರಡು ಬೇರೆ ಬೇರೆ ಶುದ್ಧ ತಳಿಗಳ ಮದುವೆ, ಅಷ್ಟೇ. ಒಂದು ತಳಿಗೆ ರೋಗ ತಡೆಯೋ ಗುಣ, ಇನ್ನೊಂದಕ್ಕೆ ದಪ್ಪ ಸಿಪ್ಪೆ, ಒಳ್ಳೆ ಬಣ್ಣ. ಇವೆರಡನ್ನು ಕೂಡಿಸಿದರೆ ಮೊದಲನೇ ಪೀಳಿಗೆಯಲ್ಲಿ ಎಲ್ಲ ಗಿಡಗಳೂ ಒಂದೇ ಅಚ್ಚು, ಒಂದೇ ಚುರುಕು. ಇದನ್ನೇ ಎಫ್1 ಅನ್ನೋದು. ಆ ಹಣ್ಣಿನ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿ ನೋಡಿ. ಒಂದು ಗಿಡ ತಾತನ ಹಾಗೆ, ಒಂದು ಅಜ್ಜಿಯ ಹಾಗೆ, ಇನ್ನೊಂದು ಯಾರ ಹಾಗೂ ಇಲ್ಲ. ಅದಕ್ಕೇ ರೈತ ಪ್ರತಿ ಬೆಳೆಗೂ ಅಂಗಡಿಗೆ ಹೋಗಿ ಹೊಸ ಪ್ಯಾಕೆಟ್ ತರಬೇಕು. ಹೈಬ್ರಿಡ್ಡಿನ ಬಲವೂ ಇದೇ, ಹಗ್ಗವೂ ಇದೇ.

ಈ ಮದುವೆ ಮಾಡಿಸೋರು ಯಾರು? ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆ ಹೋಗಿ. ಬಲೆ ಕಟ್ಟಿದ ನೆಟ್‌ಹೌಸ್‌ಗಳು ಸಾಲುಸಾಲು ಕಾಣುತ್ತವೆ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ, ಬಿಟ್ಟರೆ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತೆ. ಹಾಗಾಗಿ ಅರಳೋ ಮುಂಚೆ ಮೊಗ್ಗನ್ನು ಬಿಡಿಸಿ, ಚಿಮಟದಲ್ಲಿ ಗಂಡು ಭಾಗವನ್ನು ಕಿತ್ತು ತೆಗೀಬೇಕು. ಮಾರನೇ ದಿನ ಇನ್ನೊಂದು ತಳಿಯ ಪರಾಗವನ್ನು ಅದರ ತುದಿಗೆ ಮುಟ್ಟಿಸಬೇಕು. ಮುಟ್ಟಿಸಿದ ಹೂವು ಯಾವುದು ಅಂತ ಗೊತ್ತಾಗೋಕೆ ಅದರ ಹಸಿರು ದಳ ಕತ್ತರಿಸಿ ಗುರುತು ಮಾಡಬೇಕು. ಒಂದೊಂದು ಹೂವಿಗೂ ಇಷ್ಟು ಕೆಲಸ. ಮಾಡೋರು ಹೆಚ್ಚಾಗಿ ಹೆಣ್ಣುಮಕ್ಕಳು. ಒಂದು ಗ್ರಾಂನಲ್ಲಿ ಸುಮಾರು 300 ಬೀಜ ಬರುತ್ತೆ. ಹತ್ತು ಗ್ರಾಂ ಪ್ಯಾಕೆಟ್ಟಿಗೆ ಅಷ್ಟೊಂದು ರೇಟಾ ಅಂತ ಬಾಯಿ ಬಿಡೋ ಮುಂಚೆ ಆ ಬೆರಳುಗಳನ್ನು ನೆನೆಸಿಕೊಳ್ಳಿ.

ಇನ್ನು ನಮ್ಮ ಊರಿನ "ನಾಟಿ" ಟೊಮೆಟೊ. ಹುಳಿ ಇದೆ, ಸಾರಿಗೆ ರುಚಿ ಅಂತ ಕೇಳಿ ತಗೋತೀವಿ. ಅದರಲ್ಲೂ ಬಹುಪಾಲು ಹೈಬ್ರಿಡ್ಡೇ ಇರುತ್ತೆ. ಹುಳಿ ಬಯಸೋ ದಕ್ಷಿಣದ ಗಿರಾಕಿಗಳಿಗೆ ಅಂತಲೇ ಬೀಜ ಕಂಪನಿಗಳು ಹುಳಿ ಹೈಬ್ರಿಡ್ ಮಾಡ್ತಾರೆ.

ಖಾಸಗಿಯವರದ್ದು ಮಾತ್ರ ಹೇಳಿದರೆ ತಪ್ಪಾಗುತ್ತೆ. ಹೆಸರಘಟ್ಟದಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ವಿಜ್ಞಾನಿಗಳು 'ಅರ್ಕಾ ರಕ್ಷಕ್' ಅಂತ ಒಂದು ಹೈಬ್ರಿಡ್ ಕೊಟ್ಟರು. ಬಿಳಿ ನೊಣ ಹರಡೋ ಎಲೆ ಮುಟುರು ರೋಗ, ಗಿಡ ನಿಂತಲ್ಲೇ ಬಾಡಿಸೋ ದುಂಡಾಣು ಸೊರಗು ರೋಗ, ಎಲೆ ಸುಡೋ ಅಂಗಮಾರಿ. ಈ ಮೂರನ್ನೂ ತಡೆಯೋ ಶಕ್ತಿ ಒಂದೇ ಗಿಡದಲ್ಲಿ. ಹಣ್ಣು ತಲಾ 90ರಿಂದ 100 ಗ್ರಾಂ. ಹೆಕ್ಟೇರಿಗೆ 75ರಿಂದ 80 ಟನ್, ಅಂದ್ರೆ ಎಕರೆಗೆ ಸುಮಾರು 30 ಟನ್ ಬರುತ್ತೆ ಅಂತ ಸಂಸ್ಥೆ ಹೇಳುತ್ತೆ. ಒಂದೇ ಗಿಡದಲ್ಲಿ 19 ಕೆಜಿ ಬಂತು ಅಂತ ಪೇಪರ್‌ನಲ್ಲಿ ಓದಿರ್ತೀರಿ. ಅದು ದಾಖಲೆ, ದಿನನಿತ್ಯದ ಲೆಕ್ಕ ಅಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ಇನ್ನೂರು ಹೊಡೆದ ಅಂತ ಗಲ್ಲಿಯ ಹುಡುಗರೆಲ್ಲ ಹೊಡೀತಾರಾ?

ಇಲ್ಲಿ ಒಂದು ವಿಷಯ ಗಮನಿಸಿ. ಈ 30 ಟನ್ ಗ್ರೀನ್‌ಹೌಸ್ ಒಳಗಿನದ್ದಲ್ಲ. ಬಯಲಲ್ಲಿ, ಡ್ರಿಪ್ ಹಾಕಿ, ಮಲ್ಚಿಂಗ್ ಶೀಟ್ ಹಾಸಿ, ಕಡ್ಡಿ ನೆಟ್ಟು ದಾರ ಕಟ್ಟಿ ಬೆಳೆದದ್ದು. ಈ ಅಂಕಿಯನ್ನು ಜೇಬಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಗ್ರೀನ್‌ಹೌಸ್‌ಗೆ ಬರೋಣ. ಗಾಜಿನ ಮನೆ ಕಟ್ಟಿದ ಡಚ್ಚರಿಗೆ ಇದ್ದ ಸಮಸ್ಯೆ ಚಳಿ. ಒಳಗೆ ಬಿಸಿ ಮಾಡಿದರೆ ಮಾತ್ರ ಅಲ್ಲಿ ಚಳಿಗಾಲದಲ್ಲಿ ಟೊಮೆಟೊ ಬದುಕುತ್ತೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ಬೆಂಗಳೂರಿಗೆ ಚಳಿಯ ಕಷ್ಟ ಇಲ್ಲ. ನಮ್ಮ ಕಷ್ಟ ಮಳೆ, ಏಪ್ರಿಲ್ ಬಿಸಿಲು ಮತ್ತು ನೊಣ. ಹಾಗಾಗಿ ನಮ್ಮಲ್ಲಿ ಇರೋದು ಗಾಳಿ ತಾನಾಗೇ ಆಡೋ ಪಾಲಿಹೌಸ್. ಕಬ್ಬಿಣದ ಪೈಪು, ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ನೆತ್ತಿಯಲ್ಲಿ ಬಿಸಿ ಗಾಳಿ ಹೋಗೋಕೆ ಕಿಂಡಿ, ಸುತ್ತ ನೊಣ ನುಸುಳದ ಸಣ್ಣ ಕಣ್ಣಿನ ಬಲೆ, ಒಳಹೋಗೋಕೆ ಒಂದರ ಹಿಂದೆ ಒಂದು ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೀಬೇಕು. ಮನೆಗೆ ಬಂದ ನೆಂಟರಿಗೆ ತೋಟ ತೋರಿಸೋಕೆ ಎರಡೂ ಬಾಗಿಲು ತೆಗೆದು ನಿಂತ್ರಿ ಅಂದ್ರೆ ಬಿಳಿ ನೊಣಕ್ಕೆ ನೀವೇ ಆರತಿ ಎತ್ತಿ ಒಳಗೆ ಕರೆದ ಹಾಗೆ.

ಒಳಗೆ ಬೆಳೆಯೋ ತಳಿಯೂ ಬೇರೆ. ಬಯಲಲ್ಲಿ ಹೆಚ್ಚಾಗಿ ಬೆಳೆಯೋದು ಒಂದು ಎತ್ತರಕ್ಕೆ ಹೋಗಿ ಪೊದೆಯಾಗಿ ನಿಲ್ಲೋ ಗಿಡ. ಪಾಲಿಹೌಸ್‌ಗೆ ಬೇಕಾದದ್ದು ಬಳ್ಳಿಯ ಹಾಗೆ ನಿಲ್ಲದೇ ಬೆಳೀತಾ ಹೋಗೋ ತಳಿ. ಮೇಲಿನ ತಂತಿಯಿಂದ ದಾರ ಇಳಿಬಿಟ್ಟು ಗಿಡವನ್ನು ಹತ್ತಿಸಬೇಕು. ಎಲೆ ಸಂದಿಯಲ್ಲಿ ಬರೋ ಪಕ್ಕದ ಚಿಗುರನ್ನು ವಾರವಾರ ಚಿವುಟಿ ಒಂದೋ ಎರಡೋ ಕಾಂಡ ಮಾತ್ರ ಉಳಿಸಬೇಕು. ತಿಂಗಳುಗಟ್ಟಲೆ ಕೊಯ್ಲು ಇರುತ್ತೆ, ಅಷ್ಟೂ ತಿಂಗಳು ಕೂಲಿಯೂ ಇರುತ್ತೆ.

ಬಲೆ ಹಾಕಿದ ಮೇಲೆ ಇನ್ನೊಂದು ಸಮಸ್ಯೆ. ಹೊರಗೆ ಗಾಳಿ ಹೂವನ್ನು ಅಲ್ಲಾಡಿಸುತ್ತೆ, ದುಂಬಿ ಬಂದು ಗುಂಯ್‌ಗುಟ್ಟುತ್ತೆ, ಪರಾಗ ಉದುರಿ ಕಾಯಿ ಕಟ್ಟುತ್ತೆ. ಒಳಗೆ ಗಾಳಿಯ ಓಡಾಟ ಕಮ್ಮಿ, ದುಂಬಿಗೆ ಪ್ರವೇಶವೇ ಇಲ್ಲ. ಯುರೋಪಿನಲ್ಲಿ ಇದಕ್ಕೆಂದೇ ಸಾಕಿದ ದುಂಬಿಗಳ ಪೆಟ್ಟಿಗೆ ತಂದಿಡ್ತಾರೆ. ನಮ್ಮಲ್ಲಿ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಆಳುಗಳು ಸಾಲುಸಾಲಾಗಿ ಹೋಗಿ ದಾರ ತಟ್ಟಿ ಗಿಡ ಅಲ್ಲಾಡಿಸಬೇಕು. ಬಿಸಿಲು 35 ಡಿಗ್ರಿ ದಾಟಿದರೆ ಪರಾಗ ಸತ್ವ ಕಳ್ಕೊಳ್ಳುತ್ತೆ, ಆಗ ಎಷ್ಟು ತಟ್ಟಿದರೂ ಹೂವು ಉದುರುತ್ತೆ. ಏಪ್ರಿಲ್‌ನಲ್ಲಿ ನೆರಳು ಪರದೆ ಎಳೆಯದ ಪಾಲಿಹೌಸ್ ಒಳಗೆ ಐದು ನಿಮಿಷ ನಿಂತು ನೋಡಿ, ಗಿಡದ ಕಷ್ಟ ಗೊತ್ತಾಗುತ್ತೆ.

ರೋಗ ಬರೋದೇ ಇಲ್ಲ ಅಂತ ಮಾರಾಟದವರು ಹೇಳ್ತಾರೆ. ನಂಬಬೇಡಿ. ಬಲೆ ತಡೆಯೋದು ಮೇಲಿಂದ ಬರೋ ಶತ್ರುವನ್ನು. ಮಣ್ಣೊಳಗೆ ಇರೋರನ್ನಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಟೊಮೆಟೊ, ದಪ್ಪ ಮೆಣಸಿನಕಾಯಿ ಹಾಕಿದರೆ ಬೇರಲ್ಲಿ ಗಂಟು ಕಟ್ಟಿಸೋ ಜಂತುಹುಳು ಹೆಚ್ಚುತ್ತೆ. ಮೇಲೆ ಗಿಡ ಹಸಿರಾಗೇ ಇರುತ್ತೆ, ಕಿತ್ತು ನೋಡಿದರೆ ಬೇರೆಲ್ಲ ಗಂಟುಗಂಟು. ಎಷ್ಟೋ ಪಾಲಿಹೌಸ್‌ಗಳಲ್ಲಿ ಬೆಳೆ ನೆಲಕಚ್ಚಿದ್ದು ಈ ಕಣ್ಣಿಗೆ ಕಾಣದ ಹುಳದಿಂದ. ಇದರ ಜೊತೆಗೆ 2014ರಲ್ಲಿ ಭಾರತಕ್ಕೆ ಕಾಲಿಟ್ಟ ಟೂಟಾ ಅನ್ನೋ ಪತಂಗ ಇದೆ. ಎಲೆ ಒಳಗೆ ಸುರಂಗ ತೋಡಿ, ಹಣ್ಣಿಗೆ ಸೂಜಿ ಚುಚ್ಚಿದ ಹಾಗೆ ತೂತು ಮಾಡುತ್ತೆ. ಬಲೆ ಹರಿದಿದ್ದರೆ ಅದಕ್ಕೆ ಒಳಗೆ ರಾಜವೈಭೋಗ.

ಸರಿ, ಇಷ್ಟೆಲ್ಲ ಮಾಡಿ ಬೆಳೆದ್ರಿ ಅಂತ ಇಟ್ಕೊಳ್ಳಿ. ಈಗ ಲೆಕ್ಕಕ್ಕೆ ಕೂರೋಣ.

ಕೇಂದ್ರದ ತೋಟಗಾರಿಕಾ ಮಿಷನ್ 2014ರ ಮಾರ್ಗಸೂಚಿಯಲ್ಲಿ ಇಂಥ ಪಾಲಿಹೌಸ್‌ಗೆ ಹಾಕಿದ್ದ ವೆಚ್ಚ ಅಳತೆ ಮೇಲೆ ಚದರ ಮೀಟರ್‌ಗೆ 844ರಿಂದ 1060 ರೂಪಾಯಿ. ಸಹಾಯಧನ ಶೇ 50, ಒಬ್ಬರಿಗೆ ಗರಿಷ್ಠ 4000 ಚದರ ಮೀಟರ್. ಅಂದ್ರೆ ಸುಮಾರು ಒಂದೆಕರೆ. ಇದು ಹಳೇ ದರ. ಈಗ ದರವೂ ಬದಲಾಗಿದೆ, ಮಿತಿಯೂ ಬದಲಾಗಿದೆ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿಯೇ ಮುಂದುವರೀರಿ. ಅಗ್ಗದ ಆ ಹಳೇ ದರವನ್ನೇ ಹಿಡಿದರೂ ಒಂದೆಕರೆಗೆ 34 ಲಕ್ಷ. ಅರ್ಧ ಸರ್ಕಾರ ಕೊಟ್ಟರೂ 17 ಲಕ್ಷ ನಿಮ್ಮದು. ಆ 17 ಲಕ್ಷಕ್ಕೆ ಶೇ 10 ಬಡ್ಡಿ ಅಂದ್ರೂ ವರ್ಷಕ್ಕೆ 1.7 ಲಕ್ಷ. ಪ್ಲಾಸ್ಟಿಕ್ ಹಾಳೆಯನ್ನು ಮೂರರಿಂದ ಐದು ವರ್ಷಕ್ಕೆ ಬದಲಾಯಿಸಬೇಕು, ಅದು ಬೇರೆ.

ಇಳುವರಿ ಚದರ ಮೀಟರ್‌ಗೆ 15 ಕೆಜಿ ಅಂತ ಹಿಡಿಯಿರಿ. ಒಂದು ಮೀಟರ್‌ಗೆ ಸರಿಯಾಗಿ ಒಂದು ಬಾಕ್ಸ್! 4000 ಮೀಟರ್‌ಗೆ 4000 ಬಾಕ್ಸ್, ಅಂದ್ರೆ 60 ಟನ್. ಬಾಕ್ಸಿಗೆ 300 ರೂಪಾಯಿ ಸಿಕ್ಕರೆ 12 ಲಕ್ಷ. 100 ಸಿಕ್ಕರೆ 4 ಲಕ್ಷ. ಇದರಲ್ಲೇ ಬೀಜ, ಗೊಬ್ಬರ, ಕೂಲಿ, ಸಾಗಾಟ, ಬಡ್ಡಿ ಎಲ್ಲ ಕಳೀಬೇಕು.

"ಬಾಕ್ಸಿಗೆ 2000 ಸಿಕ್ಕರೆ ಸಾರ್?" ಸಿಗಲಿ, ಸಂತೋಷ. ಆದ್ರೆ ಆ ರೇಟು ಎಷ್ಟು ದಿನ ಇತ್ತು? ಕೆಲವೇ ವಾರ. ಅದೇ 2023ರ ಸೆಪ್ಟೆಂಬರ್ ಹೊತ್ತಿಗೆ ಸಗಟು ಬೆಲೆ ಕೆಜಿಗೆ ಹತ್ತು ರೂಪಾಯಿಗೂ ಕೆಳಗೆ ಬಿತ್ತು, ಜುಲೈನಲ್ಲಿ ಕಾವಲು ಕಾಯ್ದ ಹಣ್ಣನ್ನು ರಸ್ತೆ ಬದಿ ಸುರಿದರು. ಪಾಲಿಹೌಸ್‌ನ 4000 ಬಾಕ್ಸೂ ಒಂದೇ ದಿನ ಬರೋದಿಲ್ಲ. ಆರು ತಿಂಗಳು ಕೊಯ್ಲು ಅಂದ್ರೆ ವಾರಕ್ಕೆ ಸುಮಾರು 150. ಮೂರು ವಾರದ ಚಿನ್ನದ ರೇಟಿಗೆ ಸಿಗೋದು 450 ಬಾಕ್ಸ್. ಉಳಿದ 3550 ಬಾಕ್ಸು ಮಾಮೂಲಿ ರೇಟಿಗೇ ಹೋಗಬೇಕು.

ಈಗ ಜೇಬಲ್ಲಿ ಇಟ್ಟ ಅಂಕಿ ತೆಗೀರಿ. ಬಯಲಲ್ಲಿ ಅದೇ ಒಂದೆಕರೆಗೆ 30 ಟನ್, ಅಂದ್ರೆ 2000 ಬಾಕ್ಸ್. ಪಕ್ಕದ ಹೊಲದವನು 17 ಲಕ್ಷ ಹಾಕದೆ ನಿಮ್ಮ ಅರ್ಧ ಬೆಳೀತಾನೆ. ಮಂಡಿಗೆ ಇಬ್ಬರೂ ಹೋಗ್ತೀರಿ. ಹರಾಜು ಕೂಗೋನು "ಇದು ಪಾಲಿಹೌಸ್ ಹಣ್ಣು, ಬಾಕ್ಸಿಗೆ ನೂರು ಜಾಸ್ತಿ" ಅಂತ ಕೂಗ್ತಾನಾ? ಇಲ್ಲ ಸ್ವಾಮಿ. ಹಣ್ಣು ಚೆನ್ನಾಗಿದ್ರೆ ಹತ್ತಿಪ್ಪತ್ತು ಹೆಚ್ಚು ಕೂಗಬಹುದು, ಅಷ್ಟೇ. ಗ್ರೀನ್‌ಹೌಸ್ ಮಳೆ ತಡೆಯುತ್ತೆ, ಬಿಸಿಲು ತಡೆಯುತ್ತೆ, ನೊಣ ತಡೆಯುತ್ತೆ. ಬೆಲೆ ಕುಸಿಯೋದನ್ನು ತಡೆಯೋದಿಲ್ಲ. ನಾನು ಮೊದಲು ಹೇಳಿದ ಮೂರನೇ ಪ್ರಶ್ನೆಗೆ ಉತ್ತರ ಇದು.

ಬೆಂಗಳೂರಿನ ಸುತ್ತ ಇರೋ ಪಾಲಿಹೌಸ್‌ಗಳಲ್ಲಿ ಏನು ಬೆಳೀತಾರೆ ಅಂತ ನೋಡಿ. ಗುಲಾಬಿ, ಜರ್ಬೆರಾ, ಕೆಂಪು ಹಳದಿ ದಪ್ಪ ಮೆಣಸಿನಕಾಯಿ. ಯಾಕೆ? ಆ ಗುಣಮಟ್ಟ ಬಯಲಲ್ಲಿ ಬರೋದು ಕಷ್ಟ. ಹಾಗಾಗಿ ಬಯಲಿನವನು ಪೈಪೋಟಿಗೆ ಬರೋದಿಲ್ಲ, ರೇಟೂ ಬೇರೆ. ಬಯಲಲ್ಲಿ ಆಗದ್ದನ್ನು ಒಳಗೆ ಬೆಳೀಬೇಕು ಅನ್ನೋದೇ ಇದರ ಮೂಲಸೂತ್ರ. ಟೊಮೆಟೊದಲ್ಲಿ ಈ ಸೂತ್ರಕ್ಕೆ ಹೊಂದೋದು ಗೋಲಿ ಗಾತ್ರದ ಸಿಹಿ ಚೆರ್ರಿ ಟೊಮೆಟೊ. ಹೋಟೆಲ್, ಸೂಪರ್ ಮಾರ್ಕೆಟ್‌ನವರು ತಗೋತಾರೆ. ಆದ್ರೆ ಯಾರು, ವಾರಕ್ಕೆ ಎಷ್ಟು ಕೆಜಿ, ಯಾವ ರೇಟಿಗೆ ಅಂತ ಬಿತ್ತೋ ಮುಂಚೆ ಬರೆಸಿಕೊಳ್ಳಬೇಕು. ಕೆ.ಆರ್. ಮಾರ್ಕೆಟ್‌ಗೆ ಹತ್ತು ಕ್ರೇಟ್ ಚೆರ್ರಿ ಟೊಮೆಟೊ ಹೊತ್ಕೊಂಡು ಹೋದ್ರೆ ಸಾರಿನವರು ಯಾರೂ ತಿರುಗಿ ನೋಡಲ್ಲ.

ಹಾಗಾದ್ರೆ ಟೊಮೆಟೊಗೆ ಗ್ರೀನ್‌ಹೌಸ್ ಬೇಡವೇ ಬೇಡವಾ? ಬೇಕು. ಆದ್ರೆ ಅದರ ಬಾಲ್ಯಕ್ಕೆ ಬೇಕು. ನೀವು ಇವತ್ತು ಬಸವೇಶ್ವರನಗರದ ಹಾಪ್‌ಕಾಮ್ಸ್‌ನಲ್ಲಿ ಕೊಂಡ ಹೈಬ್ರಿಡ್ ಹಣ್ಣು ಬಹುತೇಕ ನೆರಳಲ್ಲೇ ಹುಟ್ಟಿದ್ದು. ಅದರ ಬೀಜ ಬಲೆಯ ಮನೆಯಲ್ಲಿ ತಯಾರಾಯ್ತು. ಆ ಬೀಜ ನರ್ಸರಿಗೆ ಬಂತು. ಅಲ್ಲಿ 98 ಗುಳಿಯ ಪ್ರೋಟ್ರೇ, ಅದರಲ್ಲಿ ತೆಂಗಿನ ನಾರಿನ ಪುಡಿ, ಗುಳಿಗೊಂದು ಬೀಜ. ಮೇಲೆ ಪ್ಲಾಸ್ಟಿಕ್ ಅಥವಾ ನೆರಳು ಪರದೆ, ಸುತ್ತ ಬಲೆ. ಸುಮಾರು 25 ದಿನಕ್ಕೆ ಸಸಿ ರೆಡಿ. ಎಳೇ ಸಸಿಗೆ ಬಿಳಿ ನೊಣ ಕಚ್ಚಿ ವೈರಸ್ ಹತ್ತಿದರೆ ಮುಂದೆ ಅದು ಕಾಯಿ ಬಿಡೋದು ಅಷ್ಟಕ್ಕಷ್ಟೆ. ಆ 25 ದಿನ ಕಾಪಾಡಿಬಿಟ್ಟರೆ ಅರ್ಧ ಯುದ್ಧ ಗೆದ್ದ ಹಾಗೆ. ಮಗುವಿಗೆ ಬಾಣಂತಿ ಕೋಣೆ ಬೇಕು, ಬೆಳೆದ ಮಗನಿಗಲ್ಲ. ಕಮ್ಮಿ ಜಾಗ, ಕಮ್ಮಿ ದಿನ, ಲಕ್ಷಾಂತರ ಸಸಿ. ನೆರಳಿಗೆ ಹಾಕಿದ ದುಡ್ಡು ವಾಪಸ್ ಬರೋ ದಾರಿ ಇಲ್ಲಿ ಚಿಕ್ಕದು. ಸೊರಗು ರೋಗದ ನೆಲದಲ್ಲಿ ಬದನೆಯ ಬುಡಕ್ಕೆ ಟೊಮೆಟೊ ಕಸಿ ಕಟ್ಟಿದ ಸಸಿಯೂ ಈಗ ಸಿಗುತ್ತೆ. ಅದನ್ನು ಕಟ್ಟೋದೂ ನೆರಳ ಮನೆಯಲ್ಲೇ.

ಜಮೀನಿಲ್ಲದೆ ಬರೀ ತಾರಸಿ ಇರೋರಿಗೂ ಒಂದು ಮಾತು. ರಾಜಾಜಿನಗರದ ತಾರಸಿಗೆ ಪಾಲಿಹೌಸ್ ಬೇಡ. ನಾಲ್ಕು ಪೈಪು ನಿಲ್ಲಿಸಿ ಮೇಲೆ ಮಾತ್ರ ಯು.ವಿ. ಹಾಳೆ ಬಿಗೀರಿ, ಪಕ್ಕ ತೆರೆದಿರಲಿ. ಮಳೆ ಎಲೆ ಮೇಲೆ ಬೀಳದಿದ್ದರೆ ಅಂಗಮಾರಿ ಅರ್ಧ ಕಮ್ಮಿ. ಚೀಲಕ್ಕೊಂದೇ ಗಿಡ. ಕಾಯಿಯ ತಳ ಕಪ್ಪಾಗಿ ಕೊಳೆತರೆ ಔಷಧಿ ಅಂಗಡಿಗೆ ಓಡಬೇಡಿ, ಅದು ಸೋಂಕಲ್ಲ. ಒಂದು ದಿನ ಸುರಿದು ಮೂರು ದಿನ ಮರೆತರೆ ಹಣ್ಣಿಗೆ ಸುಣ್ಣದ ಅಂಶ ತಲುಪೋದಿಲ್ಲ, ಆಗ ಹೀಗಾಗುತ್ತೆ. ದಿನಾ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ನೀರು ಕೊಡಿ.

ಇನ್ನು ಕೆಂಗೇರಿ ಆಚೆಯ ಜಮೀನಿನವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೀರು. ನಮ್ಮ ಪಶ್ಚಿಮ ಬೆಂಗಳೂರಿನ ನದಿ ವೃಷಭಾವತಿ. ನಮ್ಮೆಲ್ಲರ ಬಚ್ಚಲ ನೀರು, ಕಾರ್ಖಾನೆ ನೀರು ಹೊತ್ತು ಮೈಸೂರು ರಸ್ತೆ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತೆ. ಆ ಪಾತ್ರದ ಅಕ್ಕಪಕ್ಕ ಕೊಳವೆಬಾವಿ ಇದ್ದರೆ ನೀರನ್ನು ಲ್ಯಾಬಿಗೆ ಕೊಟ್ಟು ರಿಪೋರ್ಟ್ ತಗೊಳ್ಳಿ. ಉಪ್ಪಿನಂಶ ಹೆಚ್ಚಿದ್ದರೆ ಡ್ರಿಪ್ ಕಟ್ಟುತ್ತೆ, ಬೇರು ಸುಡುತ್ತೆ. ಲೋಹದ ಅಂಶ ಇದ್ದರೆ ಅದು ತಿನ್ನೋರ ತಟ್ಟೆಗೆ ಬರುತ್ತೆ. ಎಷ್ಟು ಲಕ್ಷದ ಹಾಳೆ ಹೊದಿಸಿದರೂ ಕೆಟ್ಟ ನೀರಿಗೆ ಅದು ಮದ್ದಲ್ಲ.

ಇಷ್ಟಾದ ಮೇಲೂ ಮನಸ್ಸು ಟೊಮೆಟೊ ಕಡೆಗೇ ಇದ್ದರೆ, ಬ್ಯಾಂಕಿಗೆ ಹೋಗೋ ಮುಂಚೆ ಒಂದು ನರ್ಸರಿಗೆ ಹೋಗಿ. ಒಂದು ಟ್ರೇ ಸಸಿ ತನ್ನಿ. 98 ಗಿಡ, ಎರಡು ಕಾಫಿ ತಿಂಡಿಯ ಖರ್ಚು. ಬಯಲಲ್ಲೇ ನೆಡಿ. ಒಂದು ನೋಟ್‌ಬುಕ್ ಇಡಿ. ಎಷ್ಟು ಕೂಲಿ, ಎಷ್ಟು ಔಷಧಿ, ಯಾವ ತಾರೀಕು ಎಷ್ಟು ಕೆಜಿ, ಯಾವ ರೇಟು ಅಂತ ಬರೀರಿ. ಕೊನೇ ಕೊಯ್ಲು ಮುಗಿದ ದಿನ ಆ ಪುಸ್ತಕವನ್ನು ಮನೆಯವರ ಮುಂದೆ ಬಿಚ್ಚಿ ಓದಿ. 98 ಗಿಡದ ಲೆಕ್ಕ ಕೂಡಿಬಂದರೆ ಎಕರೆಯ ಮಾತು ಆಮೇಲೆ ಆಡೋಣ.